ಎಡಮಗ್ಗುಲು

ಮೆದುಳಿಗೆ ಪೆಟ್ಟಾದ ಮೇಲೆ ಪುಟ್ಟಗೌರಮ್ಮನ ಗಂಡನಿಗೆ ಎಡಗಡೆ ಇರುವುದೇನೂ ಅರಿವಿಗೆ ಬರುತ್ತಿರಲಿಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತಿತ್ತು. "ಎಡಗಡೆ ಕೂತು ಕರೀತಾ ಇರಿ, ತಿರುಗಿ ನೋಡೋದು ರೂಢಿಯಾಗ್ಲಿ" ಎಂದು ಥೆರಪಿಸ್ಟ್ ಹೇಳಿದ್ದಳು. ಪುಟ್ಟಗೌರಮ್ಮ ದಿನವೂ ಅಲ್ಲೇ ಕೂರುತ್ತಿದ್ದಳು, ಆದರೆ ತುಟಿ ಬಿಚ್ಚುತ್ತಿರಲಿಲ್ಲ.

ಥೆರಪಿಸ್ಟ್ ರೇಗಿದಳು. "ಅಲ್ರೀ ಪುಟ್ಟಗೌರಮ್ಮ, ಹೀಗೆ ಕಲ್ಲಿನ ಹಾಗೆ ಕೂತ್ರೆ ಅವರು ಹುಷಾರಾಗ್ತಾರಾ?"

"ಹೇಳಿದ ಕಡೆನೇ ಕೂತಿದೀನಲ್ಲ."

"ಬರೀ ಕೂತ್ರೆ ಸಾಲ್ದು. ಬಲಗೈಲಿ ಒಳ್ಳೆ ಶಕ್ತಿ ಇದೆ. ಎಡಗಡೆ ನೋಡೋದು ಕಲಿತ್ರೆ ಮೊದಲಿನ ಹಾಗೇ ಆಗ್ತಾರೆ. ಅದು ನಿಮಗೆ ಬೇಡ್ವಾ?"

ಪುಟ್ಟಗೌರಮ್ಮ ಗಂಡನ ಬಲಗೈಯನ್ನೇ ನೋಡಿದಳು.

"ನನ್ನ ಕೆಲಸನೆಲ್ಲ ನೀವೇ ಹಾಳು ಮಾಡ್ತಿದೀರಿ. ಒಂದು ಸಲ ಕೂಗೋಕೆ ಏನ್ರೀ ಕಷ್ಟ?"

"ಮದುವೆ ಆದಾಗ್ಲಿಂದ ಅವರ ಏಟು ಬೀಳದೆ ನಾನು ಕೂತಿರೋ ಜಾಗ ಇದೊಂದೇ, ಮೇಡಂ."