ಮೂಲೆಯ ಚುಕ್ಕಿಗಳು

ಕುಷ್ಟ ಅಂಗಳದ ತುದಿಯಲ್ಲೇ ನಿಂತ. ಅಣ್ಣ ಕರಿಯನ ದೋಣಿ ಅಳಿವೆಯಲ್ಲಿ ಮಗುಚಿದ ಮೇಲೆ ಅವನು ಈ ಮನೆಯ ಕಡೆ ಬಂದವನಲ್ಲ. ಇವತ್ತು ಬಂದದ್ದೂ ಕರಿಯನ ಮಗಳು ವಿನಯಾ ಫೋನಿನ ಮೇಲೆ ಫೋನು ಮಾಡಿ ಕರೆದದ್ದಕ್ಕೆ. ಬಾಗಿಲಲ್ಲಿ ಅವಳ ತಾಯಿ ಸುಗುಣ ಕಾಣಿಸಿಕೊಂಡದ್ದೇ ಅವನು ತಿರುಗಿ ಹೊರಟ. ವಿನಯಾ ಲ್ಯಾಪ್‌ಟಾಪ್ ಹಿಡಿದುಕೊಂಡೇ ಇಳಿದು ಬಂದು ತಡೆದಳು.

"ಚಿಕ್ಕಯ್ಯ, ಸ್ವಲ್ಪ ಹೊತ್ತ್ ಕೂತ್ಕಣಿ. ನಾಳೆ ನಾವುಂದದ ಮೀನುಗಾರ್ರ ಮೀಟಿಂಗಂಗೆ ಇದನ್ನ ಎಲ್ಲರಿಗೂ ತೋರ್ಸುದ್. ಅದ್ಕಿಂತ ಮೊದ್ಲ್ ನೀವ್ ಕಾಣ್ಕ್."

ಅವನು ಮೆಟ್ಟಿಲ ಮೇಲೆ ಕುಳಿತ. ಸುಗುಣ ಬಾಗಿಲು ಬಿಟ್ಟು ಕದಲಲಿಲ್ಲ.

ಆ ದಿನ ಚುಕ್ಕಾಣಿ ಇದ್ದದ್ದು ಕುಷ್ಟನ ಕೈಯಲ್ಲಿ. ಕಲಿಯಲಿ ಎಂದು ಕರಿಯನೇ ಕೊಟ್ಟಿದ್ದ. ಮೀನು ಹಿಡಿದು ಮರಳುವಾಗ, ಹೊಳೆ ಕಡಲಿಗೆ ಸೇರುವ ಆ ಅಳಿವೆ ಬಾಯಲ್ಲಿ, ಒಂದು ಅಲೆ ದೋಣಿಯನ್ನು ಹಿಂದಿನಿಂದ ಎತ್ತಿ ಹಾಕಿತು. ಉಳಿದವರು ಈಜಿ ದಡ ಸೇರಿದರು, ಕರಿಯ ಸೇರಲಿಲ್ಲ. ಅಂದಿನಿಂದ ಮೀನು ಮಾರ್ಕೆಟ್ಟಿರಲಿ, ಮದುವೆ ಮನೆಯಿರಲಿ, ಕುಷ್ಟ ಕಂಡರೆ ಸುಗುಣ ಸುಮ್ಮನೆ ಬಿಟ್ಟವಳಲ್ಲ. ಕೈ ಪಳಗದವನು ಚುಕ್ಕಾಣಿ ಹಿಡಿದು ತನ್ನ ಗಂಡನನ್ನು ಮುಳುಗಿಸಿದ ಎಂದು ನಾಲ್ಕು ಜನ ಕೇಳುವಂತೆ ಹೇಳುವಳು. ಅವಳು ಮುಗಿಸುವ ತನಕ ಅವನು ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಹೋಗುವನು. ಕಡಲಿಗೆ ಇಳಿಯುವುದನ್ನು ಬಿಟ್ಟು, ದಡದಲ್ಲಿ ಕುಳಿತು ಬೇರೆಯವರ ಬಲೆ ಹೊಲಿದುಕೊಂಡಿದ್ದ.

ವಿನಯಾ ಕುಂದಾಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಅಳಿವೆಗೆ ತಡೆಗೋಡೆ ಬೇಕೆಂದು ಕೇಳಲು ಹೊರಟ ಮೀನುಗಾರರು ಅಲ್ಲಿ ದಾಟಿದ, ಮಗುಚಿದ ದೋಣಿಗಳ ಹಲವು ವರ್ಷಗಳ ಮಾಹಿತಿ ತಂದುಕೊಟ್ಟು, ಅಧಿಕಾರಿಗಳಿಗೆ ಒಂದೇ ನೋಟದಲ್ಲಿ ಅರ್ಥವಾಗುವ ಹಾಗೆ ಮಾಡಿಕೊಡು ಎಂದಿದ್ದರು. ಅವಳು ಎಲ್ಲವನ್ನೂ ಒಂದೇ ಗ್ರಾಫ್ ನಕ್ಷೆಯೊಳಗೆ ತಂದಿದ್ದಳು. ಒಂದೊಂದು ಚುಕ್ಕಿ ಒಂದೊಂದು ದೋಣಿ. ಎಡಕ್ಕೆ ಹೋದಷ್ಟೂ ಅಳಿವೆಯಲ್ಲಿ ನೀರು ಕಡಿಮೆ, ಮೇಲೆ ಹೋದಷ್ಟೂ ಅಲೆ ಎತ್ತರ. ದೋಣಿಯಲ್ಲಿ ಜನ ಹೆಚ್ಚಿದ್ದರೆ ಚುಕ್ಕಿ ದೊಡ್ಡದು. ದಡ ಸೇರಿದ ದೋಣಿಗೆ ಬರೀ ಉಂಗುರ, ಮಗುಚಿದ್ದಕ್ಕೆ ಒಳಗೆಲ್ಲ ಬಣ್ಣ. ಆ ಬಣ್ಣ ಚುಕ್ಕಾಣಿ ಹಿಡಿದವನದು: ಹೊಸಬನಾದರೆ ಹಳದಿ, ಪಳಗಿದವನಾದರೆ ಕಡುನೀಲಿ.

ಬಣ್ಣವನ್ನು ಅವಳು ಕೊನೆಯಲ್ಲಿ ಸೇರಿಸಿದ್ದಳು. ಹಳದಿಯೇ ತುಂಬಿಕೊಳ್ಳುತ್ತದೆ ಎಂದು ಅವಳಿಗೂ ಅನಿಸಿತ್ತು. ಅಮ್ಮನ ಮಾತು ಕೇಳಿ ಬೆಳೆದವಳಲ್ಲವೇ. ಆದರೆ ಪರದೆಯ ಮೇಲೆ ಬಂದದ್ದು ಬೇರೆ. ಎಡಬದಿಯ ಮೇಲಿನ ಮೂಲೆಯಲ್ಲಿ ಹಳದಿ, ನೀಲಿ, ಸಣ್ಣದು, ದೊಡ್ಡದು ಎಲ್ಲವೂ ಒಂದರ ಮೈಮೇಲೆ ಒಂದು ಬಿದ್ದಿದ್ದವು. ಆ ಮೂಲೆಯಲ್ಲಿ ಒಂದಾದರೂ ಉಂಗುರವಿರಲಿಲ್ಲ.

ಕುಷ್ಟ ಬಹಳ ಹೊತ್ತು ನೋಡಿದ.

"ನಮ್ದ್ ಯಾವ್ದ್?"

ವಿನಯಾ ಒಂದು ಹಳದಿ ಚುಕ್ಕಿಯನ್ನು ತೋರಿಸಿದಳು. ಅದಕ್ಕೆ ಅಂಟಿಕೊಂಡೇ ಕಡುನೀಲಿಯದೊಂದಿತ್ತು. ಅದು ಯಾರದೆಂದು ಅವನು ಕೇಳಿದ. ಪದ್ದು ತಾಂಡೇಲನದು ಎಂದಳು. ಈ ಕಡಲ ಕರೆಯ ತಾಂಡೇಲರಲ್ಲಿ ಅವನಷ್ಟು ಚೆನ್ನಾಗಿ ದೋಣಿ ನಡೆಸಿದವರು ಇನ್ನೊಬ್ಬರಿರಲಿಲ್ಲ.

"ಅಲ್ಲಿ ನೀರ್ ಇಳ್ದ್, ಅಲೆ ಎದ್ದಿದ್ರೆ ಯಾರ ಕೈಯಂಗೂ ಆತಿಲ್ಲೆ, ಚಿಕ್ಕಯ್ಯ. ಅಪ್ಪಯ್ಯ ಹಿಡ್ದಿದ್ರೂ ಹೀಂಗೇ ಆತಿತ್ತ್."

ಕುಷ್ಟನ ಬೆರಳು ಪರದೆಯ ಹತ್ತಿರ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು. ಅವನು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡು ಅವನ್ನೇ ನೋಡುತ್ತ ಕುಳಿತ.

ವಿನಯಾ ತಾಯಿಯ ಕಡೆ ತಿರುಗಿದಳು. ಇನ್ನಾದರೂ ಒಂದು ಮಾತು ಹೇಳು ಎನ್ನುವಂತೆ ನೋಡಿದಳು. ಸುಗುಣ ನಕ್ಷೆಯತ್ತ ಕಣ್ಣು ಹಾಯಿಸಲೂ ಇಲ್ಲ.

"ನಂಗೆ ಗೊತ್ತಿತ್ತ್," ಎಂದಳು. "ಅದೇ ಮಳ್ಗಾಲ ಪದ್ದು ದೋಣಿಯೂ ಅಲ್ಲೇ ಮಗ್ಚಿತ್. ಆಗ್ಳೇ ಗೊತ್ತಾಯ್ತ್, ತಪ್ಪ್ ಇವಂದಲ್ಲ ಅಂದೇಳಿ."

ಇಷ್ಟು ವರ್ಷ ಊರೆಲ್ಲ ಕೇಳುವಂತೆ ಆಡಿದ ಮಾತು, ಇವನು ಬಿಟ್ಟ ಕಡಲು, ಎಲ್ಲ ವಿನಯಾಳಿಗೆ ನೆನಪಾಯಿತು. ಮತ್ತೆ ಯಾಕೆ ಬೈದದ್ದು ಎಂದು ಮಾತ್ರ ಕೇಳಿದಳು.

ಸುಗುಣ ಇಳಿದು ಬಂದು ಅದೇ ಮೆಟ್ಟಿಲ ಇನ್ನೊಂದು ತುದಿಯಲ್ಲಿ ಕುಳಿತಳು.

"ಕಡ್ಲಿಗೆ ಬೈದ್ರೆ ಅದ್ ಕೇಂತಿಲ್ಲೆ. ಇಂವ ನಿಂತ್ ಕೇಂತಿದ್ದ."

ಕುಷ್ಟ ಅಂಗೈ ಮಡಚಿಕೊಂಡ. ಅವಳತ್ತ ನೋಡದೆ, ಮೆಲ್ಲಗೆ ಹೇಳಿದ:

"ನಂಗೂ ಯಾರಿಗಾರೂ ಬೈಯ್ಕಿತ್ತ್, ಅತ್ತಿಗೆ. ನಂಗೆ ಯಾರೂ ಸಿಕ್ಲಿಲ್ಲೆ."