ಹುಡುಗ ರಿಗ್ ಮೇಲಿದ್ದಾನೆ

"ಅಳಿಯಾವ್ರ, ಹೊರಗ ಬರ್ರಿ! ನಿಮ್ಮ ರಿಗ್ ಬಂದೈತಿ!"

ಮಾವ ಮರೆಪ್ಪ ಬಾಗಿಲು ಬಡಿದ ರಭಸಕ್ಕೆ ಸುಭಾಷನ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಚೆಲ್ಲಿತು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ. ವಡಾಲದ ಆ ಚಾಳಿನ ಟೆರೇಸಿನಲ್ಲಿ ಆಗಲೇ ಜನ ಸೇರಿದ್ದರು. ಪೂರ್ವಕ್ಕೆ, ಬಂದರಿನಾಚೆ, ಮೂರು ಕಬ್ಬಿಣದ ಕಾಲುಗಳನ್ನು ಆಕಾಶಕ್ಕೆತ್ತಿಕೊಂಡು ಸಮುದ್ರದಲ್ಲಿ ತೈಲ ಕೊರೆಯುವ ದೈತ್ಯ ರಿಗ್ಗೊಂದು ನಿಂತಿತ್ತು. ರಿಪೇರಿಗೆ ಬಂದದ್ದಂತೆ.

"ಅದ ಅಲ್ಲೇನ್ರಿ ನಿಮ್ಮದು?" ಮರೆಪ್ಪ ಇಡೀ ಚಾಳಿಗೆ ಕೇಳುವಂತೆ ಕೂಗಿದ.

"ಹೂಂ ಅಪ್ಪಾ, ಅದs," ಎಂದವಳು ಸುಭಾಷನ ಹೆಂಡತಿ ಸಪ್ನಾ. ಇಂಥ ಪ್ರಶ್ನೆ ಬಂದಾಗಲೆಲ್ಲ ಅವಳೇ ಮುಂದಾಗಿ ಉತ್ತರ ಕೊಡುತ್ತಿದ್ದಳು. ಗಂಡನ ಮೇಲೆ ಅಷ್ಟು ಹೆಮ್ಮೆ! ಆ ಹೆಮ್ಮೆ ಕಂಡಾಗಲೆಲ್ಲ ಸುಭಾಷನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು.

ಏಕೆಂದರೆ ಈ ಮಹಾಶಯ ಸಮುದ್ರದ ಮೇಲೆ ಒಂದು ದಿನವೂ ಕೆಲಸ ಮಾಡಿದವನಲ್ಲ. ಅವನ ರಿಗ್ಗಿಗೆ ಹತ್ತು ಚಕ್ರಗಳಿದ್ದವು.

ಮದುವೆ ಕುದುರಿಸಿದ ಕಾಶಿನಾಥ ಹೇಳಿದ್ದು ಒಂದೇ ಮಾತು: "ಹುಡುಗ ರಿಗ್ ಮ್ಯಾಲೆ ಅದಾನ." ವಿಜಯಪುರದ ಕಡೆ ರಿಗ್ ಎಂದರೆ ಬೋರ್‌ವೆಲ್ ಲಾರಿ. ಬಂದರಿನಲ್ಲಿ ನಲವತ್ತು ವರ್ಷ ಮೂಟೆ ಹೊತ್ತ ಮರೆಪ್ಪನಿಗೆ ರಿಗ್ ಎಂದರೆ ನಡುಗಡಲಿನ ತೈಲಬಾವಿ. ಯಾರೂ ಬಿಡಿಸಿ ಕೇಳಲಿಲ್ಲ. ಮದುವೆಯ ಊಟಕ್ಕೆ ಕೂತಾಗ ಯಾರೋ, "ಡ್ಯೂಟಿಗೆ ಹೆಲಿಕಾಪ್ಟರಿನಾಗ ಹೊಕ್ಕೀರೇನ್ರಿ?" ಎಂದರು. ಬಾಯಿ ತುಂಬ ಹೋಳಿಗೆಯಿತ್ತು. ಸುಭಾಷ ತಲೆಯಾಡಿಸಿಬಿಟ್ಟ. ಎಲಾ ಪುಣ್ಯಾತ್ಮ!

ಆ ಒಂದು ತಲೆಯಾಟದ ಶಿಕ್ಷೆಯನ್ನು ಎರಡು ವರ್ಷದಿಂದ ಅನುಭವಿಸುತ್ತಿದ್ದ. ಕಡಲಿನ ಕೆಲಸವೆಂದರೆ ಹದಿನೈದು ದಿನ ಅಲ್ಲಿ, ಹದಿನೈದು ದಿನ ಮನೆಯಲ್ಲಿ. ಮಾಲೀಕನ ಕೈಕಾಲು ಹಿಡಿದು ಪಾಳಿಯನ್ನು ಹಾಗೇ ಮಾಡಿಸಿಕೊಂಡ. ಅಂಧೇರಿಯ ಯಾವುದೋ ವಸತಿ ಸೊಸೈಟಿಯಲ್ಲಿ ಬೋರ್ ಕೊರೆಯುತ್ತಿದ್ದರೂ, ಮನೆಗೆ ಒಂದೇ ತಾಸಿನ ದಾರಿಯಿದ್ದರೂ, ಹದಿನೈದು ದಿನ ಲಾರಿಯ ಕೆಳಗೇ ಮಲಗುತ್ತಿದ್ದ. ಸಪ್ನಾ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದುದು ವಿಕ್ರೋಳಿಗೆ. ಆ ಕಡೆ ಕೆಲಸ ಬಿದ್ದರಂತೂ ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಊಟಕ್ಕೂ ಪೂರ್ತಿ ಬಿಚ್ಚುತ್ತಿರಲಿಲ್ಲ.

ಹೊರಡುವ ದಿನ ಚೀಲ ತುಂಬುವವಳು ಅವಳೇ. ಶೇಂಗಾ ಹಿಂಡಿ, ಎರಡು ಜೊತೆ ಬಟ್ಟೆ, ಒಂದು ಅಚ್ಚು ಬೆಲ್ಲ.

"ಸಮುದ್ರದಾಗ ಬೆಲ್ಲ ಯಾಕ?" ಎಂದು ಅವನು ಒಮ್ಮೆ ಕೇಳಿದ್ದ.

"ಉಪ್ಪುಗಾಳಿಗೆ ಗಂಟಲ ಕೆಡತೈತಿ. ದಿನಾ ಒಂದು ತುಣುಕು ತಿನ್ರಿ."

ತಿನ್ನುತ್ತಿದ್ದ. ಅವಳ ಬೆಲ್ಲ ತಿಂದು ಅವಳಿಗೇ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು.

ಹೇಳಿಬಿಡಬಹುದಿತ್ತು. ಆದರೆ ಸಪ್ನಾಳ ಅಕ್ಕ ವಿನೋದಿನಿಯ ಗಂಡ ಪ್ಯೂನ್ ಆಗಿದ್ದವನು ಕ್ಲಾರ್ಕ್ ಎಂದು ಹೇಳಿಕೊಂಡಿದ್ದ. ಗೊತ್ತಾದ ದಿನವೇ ಮರೆಪ್ಪ ಮಗಳನ್ನು ವಾಪಸ್ಸು ಕರೆತಂದ. ಆ ಅಳಿಯನನ್ನು ಮತ್ತೆ ಚಾಳಿನ ಮೆಟ್ಟಿಲು ಹತ್ತಗೊಡಲಿಲ್ಲ. ಸಪ್ನಾ ಇಲ್ಲದ ಮನೆಯನ್ನು ನೆನೆಸಿಕೊಂಡು ಸುಭಾಷ ಮತ್ತೆ ಚೀಲ ಹೆಗಲಿಗೇರಿಸುತ್ತಿದ್ದ.

"ರವಿವಾರ ಎಲ್ಲಾರೂ ಹೋಗೂಣು," ಎಂದ ಮರೆಪ್ಪ. "ಕೆಲಸದವರ ಮನಿ ಮಂದೀನ ಒಳಗ ಬಿಡ್ತಾರಂತ. ನನಗೂ ಅಳಿಯಾವ್ರ ರಿಗ್ ನೋಡಿ ಸಾಯಬೇಕಂತ ಆಸೆ."

ಸುಭಾಷ ಎರಡು ದಿನ ಹೊಟ್ಟೆನೋವು ಎಂದ. ಮಾವ ಎರಡು ದಿನವೂ ಓಮಿನ ಕಷಾಯ ಕುಡಿಸಿದ.

ಭಾನುವಾರ ಹನ್ನೊಂದಕ್ಕೆ ಮೂವರೂ ಬಂದರಿನ ಗೇಟಿನಲ್ಲಿದ್ದರು. ಕಾವಲಿನವನು ಕೈ ಚಾಚಿದ. "ಐಕಾರ್ಡ್ ದಿಖಾವ್."

ಸುಭಾಷ ಜೇಬು ಮುಟ್ಟಿಕೊಂಡ. ಏನೂ ಇಲ್ಲವೆಂದು ಗೊತ್ತಿದ್ದೂ ಇನ್ನೊಂದು ಜೇಬು ತಡಕಿದ.

"ತೋರಸ್ರಿ ಅಳಿಯಾವ್ರ, ಅದಕ್ಕೇನಾತು!"

ಇನ್ನು ಮುಚ್ಚಿಡಲು ಜಾಗವಿರಲಿಲ್ಲ. "ಮಾವಾರ, ನಾನು..."

"ಅಪ್ಪಾ, ಬೈಬ್ಯಾಡ," ಸಪ್ನಾ ನಡುವೆ ಬಂದಳು. "ಕಾರ್ಡ್ ನನ್ನ ಕೈಯಾಗ ಹಾಳಾತು. ಪ್ಯಾಂಟಿನ ಜೋಡಿ ನೆನಿ ಹಾಕಿಬಿಟ್ಟೆ."

"ತಲಿ ಐತೇನು ನಿನಗ? ಕಂಪನಿ ಕಾರ್ಡ್ ಅದು! ಅವರ ನೌಕರಿಗೆ ಏನಾರ ಆದ್ರ?" ಮರೆಪ್ಪ ಹತ್ತು ಜನರೆದುರು ಮಗಳನ್ನು ಬೈದ. ಅವಳು ತಲೆ ತಗ್ಗಿಸಿ ನಿಂತಳು. ಪಾಪ, ಯಾವುದೋ ರೈಲ್ವೆ ಪಾಸ್ ನೆನೆಸಿ ಅದನ್ನೇ ಐಕಾರ್ಡ್ ಎಂದುಕೊಂಡಿದ್ದಾಳೆ ಎಂದುಕೊಂಡ ಸುಭಾಷ. ತಾನು ತಿನ್ನಬೇಕಾದ ಬೈಗುಳವನ್ನು ಅವಳು ತಿನ್ನುತ್ತಿದ್ದಳು. ಅದನ್ನು ನೋಡಲಾಗಲಿಲ್ಲ.

ಮರೆಪ್ಪ ಹಳೆಯ ಗೆಳೆಯರೊಡನೆ ಚಹಾಕ್ಕೆ ಉಳಿದ. ಗಂಡ ಹೆಂಡತಿ ಕಾಟನ್ ಗ್ರೀನ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತರು. ಒಂದು ಲೋಕಲ್ ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

"ಸಪ್ನಾ, ಆ ರಿಗ್ ನಂದಲ್ಲ. ನಿನಗ ಮೋಸ ಮಾಡೀನಿ. ಅಪ್ಪನ ಮನ್ಯಾಗ ಇರ್ತೀನಂದ್ರೂ ಬ್ಯಾಡ ಅನ್ನಂಗಿಲ್ಲ," ಎಂದ ಸುಭಾಷ.

ಅವಳು ಕಣ್ಣೊರೆಸಿಕೊಂಡಳು.

"ತಪ್ಪು ನಂದೂ ಐತ್ರಿ. ಮಾತಾಡಿದ್ರ ಅಪ್ಪನ ಕಿವಿಗೆ ಬಿದ್ದು ನಿಮ್ಮನ್ನೂ ಕಳಕೋತೀನಂತ ಹೆದರಿ, ಎರಡು ವರ್ಷ ನಿಮ್ಮನ್ನ ಲಾರಿ ಕೆಳಗ ಮಲಗಿಸಿದೆ. ಇನ್ಮ್ಯಾಲೆ ದಿನಾ ಊಟಕ್ಕ ಮನೀಗೆ ಬರ್ರಿ."

"ಲಾರಿ ಅಂತ ನಿನಗ ಹೆಂಗ ಗೊತ್ತು?" ಎಂದ ಸುಭಾಷ.

"ಬೆಲ್ಲ ಉಪ್ಪುಗಾಳಿಗಲ್ರಿ, ಕಲ್ಲಿನ ಧೂಳಿಗೆ," ಎಂದಳು ಸಪ್ನಾ. "ವಿಕ್ರೋಳಿಯಾಗ ನಮ್ಮ ಫ್ಯಾಕ್ಟರಿ ಕಾಂಪೌಂಡಿನಾಗ ಬೋರ್ ಹೊಡಿವಾಗ ಭಾಳ ಕೆಮ್ಮತಿದ್ರಿ."