ಯಾರ ಅಳುವಿಗೆ ಹಾಲು

ಅವಳ ಗಂಡನ ಅಂತ್ಯಕ್ರಿಯೆಗೆ ಬಂದವರಲ್ಲಿ ಕೊನೆಯವರೂ ಹೊರಟುಹೋದ ಮರುದಿನ ಬೆಳಿಗ್ಗೆ ಮನೆಯಲ್ಲಿ ಮತ್ತೆ ಕುಕ್ಕರ್ ಕೂಗಿತು. ಎರಡು ತಿಂಗಳ ಮಗಳೂ ಕೂಗಿದಳು. ತಾಯಿಯಾದ ಅವಳು ಏಳುವಷ್ಟರಲ್ಲಿ ಓರಗಿತ್ತಿ ಮಗುವನ್ನೆತ್ತಿ ಎದೆಗೆ ಹಚ್ಚಿಕೊಂಡಾಗಿತ್ತು.

“ಮಲ್ಕೋ ನೀನು. ನಿಂಗೆ ಹಾಲೆಲ್ಲಿದೆ, ಪಾಪ.”

ಆ ‘ಪಾಪ’ ನಾಟಿತು. ಗಂಡ ಸತ್ತಾಗಿನಿಂದ, ಈ ಐದು ದಿನ, ಮಗು ಅವಳ ಎದೆಗೆ ಬಾಯಿಟ್ಟು, ಏನೂ ಸಿಗದೆ ಮುಖ ತಿರುಗಿಸುತ್ತಿತ್ತು. ಕುಡಿದಿದ್ದೆಲ್ಲ ಓರಗಿತ್ತಿಯ ಹಾಲು. ಹತ್ತು ತಿಂಗಳ ಸ್ವಂತ ಮಗನಿಗೆ ಕೊಟ್ಟೂ ಮಿಗುವಷ್ಟಿತ್ತು ಅವಳಿಗೆ. ಅದಕ್ಕೆ ತಾನು ಉಪಕಾರ ನೆನೆಯಬೇಕಿತ್ತು. ಹೊಟ್ಟೆಕಿಚ್ಚಾಗುತ್ತಿತ್ತು. ಗಂಡನಂತೂ ಹೋದ, ಈಗ ಮಗಳ ಪುಟ್ಟ ಮುಷ್ಟಿ ಇನ್ನೊಬ್ಬಳ ಅಂಗಿಯ ಗುಂಡಿ ಹಿಡಿದು ನಿದ್ದೆ ಹೋಗುತ್ತಿತ್ತು.

“ನನ್ನ ಹಾಲು ಬತ್ತಿಲ್ಲ ಅಕ್ಕ,” ಎಂದಳು. ಕಾಲೇಜಿನಲ್ಲಿ ಜೀವಕೋಶಗಳ ಪಾಠ ಹೇಳುವವಳು ಅವಳು. “ಒಳಗೆ ಪುಟ್ಟಪುಟ್ಟ ಚೀಲಗಳಿವೆ. ಅವುಗಳ ಗೋಡೇಲಿರೋ ಕೋಶಗಳು ಹಾಲು ಮಾಡಿ ಚೀಲಕ್ಕೆ ಬಿಡ್ತವೆ. ಚೀಲನ ಹಿಂಡೋ ಕೋಶಗಳೇ ಬೇರೆ. ಮಿದುಳಿಂದ ಅಪ್ಪಣೆ ಬಂದ್ರೆ ಮಾತ್ರ ಅವು ಹಿಂಡೋದು. ನಂಗೆ ಅಪ್ಪಣೆ ಬರ್ತಿಲ್ಲ, ಅಷ್ಟೇ.”

“ಬರುತ್ತೆ ಬಿಡು, ಕಾಯೋಣ.”

“ಕಾಯೋ ಹಾಗಿಲ್ಲ. ತುಂಬಿದ ಚೀಲ ಖಾಲಿ ಆಗ್ದಿದ್ರೆ ಹಾಲು ಮಾಡೋ ಕೋಶಗಳು ಅಂಗಡಿ ಮುಚ್ಕೊಂಡು ಹೋಗ್ತವೆ.”

“ಪಾಠದಿಂದ ಹೊಟ್ಟೆ ತುಂಬೋದಾದ್ರೆ ನಿನ್ನ ಮಗಳು ಇಷ್ಟೊತ್ತಿಗೆ ತೇಗಬೇಕಿತ್ತು ಕಣೇ,” ಎಂದು ಓರಗಿತ್ತಿ ನಕ್ಕಳು. ಕೆಟ್ಟ ನಗುವಲ್ಲ. ಅದಕ್ಕೇ ಹೆಚ್ಚು ಉರಿಯಿತು.

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರಜೆ ಮುಗಿದು ಕಾಲೇಜಿಗೆ ಹೋಗುವಾಗ ಬೇಕಾಗುತ್ತದೆಂದು ಗಂಡ ಈ ಓರಗಿತ್ತಿಯಿಂದಲೇ ಇಸಿದುಕೊಂಡಿದ್ದ ಹಾಲಿನ ಪಂಪನ್ನು ಎದೆಗಿಟ್ಟು ಒತ್ತಿದಳು. ಅರ್ಧ ಗಂಟೆ ಒತ್ತಿದಳು. ಕಲ್ಲಾಗಿದ್ದ ಎದೆ ನೋಯಿತೇ ಹೊರತು ಬಾಟಲಿಯ ತಳ ಒದ್ದೆಯಾಗಲಿಲ್ಲ.

ಅದೇ ಕೋಣೆಯ ಮೂಲೆಯ ತೊಟ್ಟಿಲಲ್ಲಿ ಮಲಗಿದ್ದ ಓರಗಿತ್ತಿಯ ಮಗ ಎದ್ದು ಚೀರತೊಡಗಿದ. ಅವನ ತಾಯಿಯ ಮಡಿಲು ಖಾಲಿಯಿರಲಿಲ್ಲ. ಚೀರಾಟ ಏರಿತು. ಪಂಪ್ ಹಿಡಿದು ಕೂತವಳ ಎದೆಯೊಳಗೆ ಸೂಜಿಗಳು ಚುಚ್ಚಿದಂತೆ ಜುಮ್ಮೆಂದಿತು. ನೋಡುತ್ತಿದ್ದಂತೆ ಅಂಗಿಯ ಮುಂಭಾಗವೆಲ್ಲ ತೊಯ್ದುಹೋಯಿತು. ಅಪ್ಪಣೆ ಬಂದಿತ್ತು, ತನ್ನದಲ್ಲದ ಮಗುವಿನಿಂದ. ಅವಳು ಯೋಚಿಸದೆ ಹುಡುಗನನ್ನು ಎತ್ತಿಕೊಂಡಳು. ಅವನು ಗಟಗಟ ಕುಡಿದ. ಐದು ದಿನದಲ್ಲಿ ಮೊದಲ ಸಲ ಅವಳು ಅತ್ತಳು.

ಹುಡುಗ ನಿದ್ದೆಹೋದ ಮೇಲೆ ಅವನನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಪಂಪ್ ಹಿಡಿದು ಹೊರಬಂದಳು.

“ತಗೊಳ್ಳಿ ಅಕ್ಕ, ನಿಮ್ಮ ಮೈದುನ ಇಸ್ಕೊಂಡಿದ್ದು. ಇನ್ನು ಬೇಡ. ನನ್ನ ಮಗಳನ್ನ ಕೊಡಿ.”

ಓರಗಿತ್ತಿ ಪಂಪಿನ ಕಡೆ ನೋಡಲಿಲ್ಲ. ತನ್ನ ಮಗನ ಗಲ್ಲದ ಮೇಲೆ ಇನ್ನೂ ಆರದಿದ್ದ ಬಿಳಿ ಹನಿಯನ್ನು ಬೆರಳಿನಿಂದ ಒರೆಸಿದಳು. ಅದು ಸಾಲದೆಂಬಂತೆ ಅಂಗೈಯಿಂದ ಮತ್ತೊಮ್ಮೆ ಒರೆಸಿದಳು, ಹುಡುಗನಿಗೆ ಎಚ್ಚರವಾಗುವಷ್ಟು ಜೋರಾಗಿ.